ಹಂಡೆಯ ಬಾಯಿ

ವಾರಿಜಕ್ಕ ಯಾವುದರ ಬಿಸಿಯನ್ನೂ ಅಂಗೈಯಿಂದ ನೋಡುತ್ತಿರಲಿಲ್ಲ. ಕಾವಲಿಯ ಹಿಡಿ, ಗೋಡೆಯ ಪೈಪು, ಜ್ವರ ಬಂದವರ ಹಣೆ, ಆಗಷ್ಟೇ ನಿಂತ ಕಾರಿನ ಬಾನೆಟ್ಟು, ಎಲ್ಲಕ್ಕೂ ಮೊದಲು ತಾಗುತ್ತಿದ್ದುದು ಅವರ ಬೆರಳುಗಳ ಹಿಂಬದಿ. “ಅಂಗೈಯನ್ನು ನಂಬ್ಲಿಕ್ಕೆ ಆಗುದಿಲ್ಲ ಮಾಷ್ಟ್ರೇ, ಅದರ ಚರ್ಮ ದಪ್ಪ. ಹಿಂಬದಿ ಪಾಪ, ಅದಕ್ಕೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ.”

ಅವರ ಮಾತುಗಳನ್ನು ನಾನು ಆಗಾಗ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಆದರೂ ಇದು ಅವರು ಆಡಿದ ಹಾಗೇ ಇದೆ ಎಂದು ಆಣೆಯಿಟ್ಟು ಹೇಳಲಾರೆ. ಬರೆಯುವಾಗಲೇ ಕೈ ಸ್ವಲ್ಪ ತಿದ್ದಿಬಿಡುತ್ತದೆ.

ಮೈಸೂರು ಬಿಟ್ಟು ಬಂದ ನನಗೆ ಈ ಹಿಮದ ದೇಶದ ಒಶಾವಾ ಎಂಬ ಊರಿನ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠದ ಕೆಲಸ ಸಿಕ್ಕಾಗ ನಾನೂ ನನ್ನ ಹೆಂಡತಿ ದೀಪಾಳೂ ಊರಿನ ಉತ್ತರಕ್ಕಿದ್ದ ಅವರ ಮನೆಯ ಎರಡು ಕೋಣೆಗಳಿಗೆ ಬಾಡಿಗೆಗೆ ಬಂದೆವು. ಅದು 2015. ಉಡುಪಿ ಕಡೆಯ ವಾರಿಜಕ್ಕ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅವರ ಗಂಡ ವಾಮನಣ್ಣ ಹಿಂದಿನ ವರ್ಷ ತೀರಿಕೊಂಡಿದ್ದರು. ಸುತ್ತ ಹೊಲ, ಹಿಂದೆ ಇಳಿಜಾರು, ಅದರ ಕೆಳಗೆ ಒಂದು ಸಣ್ಣ ತೊರೆ, ಅವರ ಮಾತಿನಲ್ಲಿ ತೋಡು. ಗ್ಯಾಸಿನ ಲೈನು ಅಲ್ಲಿಯವರೆಗೆ ಬಂದಿರಲಿಲ್ಲ. ಮನೆ ಬಿಸಿಯಾಗುತ್ತಿದ್ದುದು ಕರೆಂಟಿನಿಂದ.

ಮರುವರ್ಷದ ಬೇಸಿಗೆಯಲ್ಲಿ ಅವರು ಇಳಿಜಾರಿನ ಬುಡದಲ್ಲಿ ನೆಲ ಅಗೆಸತೊಡಗಿದರು.

“ಏನಕ್ಕಾ ಇದು? ಈಜುಕೊಳಾನಾ?” ಎಂದೆ.

“ಹಂಡೆ.”

ಸೌದೆ ಉರಿಸಿ ನೀರು ಕಾಯಿಸಿ, ಆ ನೀರನ್ನು ಮನೆಯೆಲ್ಲ ಸುತ್ತಿಸುವ ಬಾಯ್ಲರು ಅದು. ಇಲ್ಲಿನ ಹಳ್ಳಿಮನೆಗಳ ಹಿತ್ತಲಿನಲ್ಲಿ ಅಂಥವನ್ನು ನಾನು ನೋಡಿದ್ದೆ, ಆದರೆ ಅವೆಲ್ಲ ಕಂಪನಿಯಿಂದ ಬಂದವು. ವಾರಿಜಕ್ಕ ಸಂಜೆ ತರಗತಿಗೆ ಹೋಗಿ ವೆಲ್ಡಿಂಗು ಕಲಿತು ತಾವೇ ಕಟ್ಟುವವರಿದ್ದರು. ಬೇಸಿಗೆಯೆಲ್ಲ ಗ್ಯಾರೇಜಿನಲ್ಲಿ ನೀಲಿ ಬೆಳಕು. ಸೌದೆ ಉರಿಯಲು ಒಂದು ದಪ್ಪ ಉಕ್ಕಿನ ಗೂಡು, ಅದರ ಸುತ್ತ ನೀರು ನಿಲ್ಲಲು ಇನ್ನೊಂದು ಪೆಟ್ಟಿಗೆ. ಬೆಸುಗೆಗಳಿಗೆ ಸೋಪಿನ ನೀರು ಬಳಿದು, ಒಳಗೆ ಗಾಳಿ ತುಂಬಿ, ಓದುವ ಕನ್ನಡಕ ಹಾಕಿಕೊಂಡು ಗುಳ್ಳೆ ಹುಡುಕುತ್ತಿದ್ದರು. ಗುಳ್ಳೆ ಕಂಡರೆ “ಇಲ್ಲಿ ಉಂಟು ಕಳ್ಳ!” ಎಂದು ಕೂಗುತ್ತಿದ್ದರು. ನನಗೋ, ಕಣ್ಣಿಗೆ ಬೀಳದೆ ಉಳಿದ ಕಳ್ಳರದ್ದೇ ಯೋಚನೆ.

ಅಷ್ಟು ಕೆಳಗೇಕೆ ಎಂದು ಕೇಳಿದ್ದಕ್ಕೆ ಅವರು ಒಂದು ಕಥೆ ಹೇಳಿದರು. ವಾಮನಣ್ಣನಿಗೆ ಕಾಯಿಲೆಯಿದ್ದ ಚಳಿಗಾಲದಲ್ಲಿ, ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗುವ ಐಸ್ ಸ್ಟಾರ್ಮ್ ಬಂದು ಕರೆಂಟು ಹೋಯಿತು. ಮನೆ ತಣ್ಣಗಾದಾಗ ಅವರನ್ನು ಕಂಬಳಿ ಸುತ್ತಿ ಕಾರಿನಲ್ಲಿ ಕೂರಿಸಿ, ಹೀಟರ್ ಹಾಕಿ, ಪೆಟ್ರೋಲು ಮುಗಿಯುವವರೆಗೂ ಅದರಲ್ಲೇ ಕೂತಿದ್ದರಂತೆ. “ಪಂಪಿಟ್ಟರೆ ಅದಕ್ಕೂ ಕರೆಂಟು ಬೇಕಲ್ಲ ಮಾರಾಯ್ರೆ? ಬಿಸಿ ನೀರು ಹಗುರ, ಅದು ತಾನಾಗಿ ಹತ್ತುತ್ತದೆ. ತಣ್ಣಗಾದದ್ದು ತಾನಾಗಿ ಇಳಿಯುತ್ತದೆ. ಯಾರ ಕೈಕಾಲೂ ಹಿಡಿಯುದು ಬೇಡ.”

ವಾಮನಣ್ಣ ಹೋದದ್ದು ಆ ಚಳಿಯಿಂದಲ್ಲ, ಅದಾಗಿ ಕೆಲವು ತಿಂಗಳ ಮೇಲೆ, ಆಸ್ಪತ್ರೆಯ ಬೆಚ್ಚನೆಯ ಕೋಣೆಯಲ್ಲಿ. ಅದನ್ನೂ ಅವರೇ ಹೇಳಿದರು. ಹೇಳಿ, ಮತ್ತೆ ವೆಲ್ಡಿಂಗಿಗೆ ಕೂತರು.

ಚಳಿಗೆ ಮೊದಲೇ ಹಂಡೆ ಉರಿಯತೊಡಗಿತು. ಅಟ್ಟದಲ್ಲಿ ಒಂದು ಸಣ್ಣ ತೊಟ್ಟಿ, ಅಲ್ಲಿಂದ ಹಿಂಬಾಗಿಲ ಮೇಲಿನ ಸೂರಿನಡಿ ಹೊರಗೆ ಇಣುಕುವ ಒಂದು ಪೈಪು. ಕಾದ ನೀರು ಉಬ್ಬಿದರೆ, ಆವಿಯಾದರೆ, ಹೋಗಲು ಇದ್ದ ದಾರಿ ಅದೊಂದೇ. ಅವರು ಅದನ್ನು ಹಂಡೆಯ ಬಾಯಿ ಎನ್ನುತ್ತಿದ್ದರು. “ಬಾಯಿ ತೆರೆದಿದ್ದರೆ ಅದು ಬಚ್ಚಲುಮನೆಯ ಹಂಡೆ. ಮುಚ್ಚಿದರೆ ಬಾಂಬು. ಇಷ್ಟು ಗೊತ್ತಿದ್ದರೆ ಸಾಕು.”

ನನಗೆ ಅಷ್ಟು ಗೊತ್ತಾದದ್ದೇ ಹೆಚ್ಚಾಯಿತು. 2017ರ ಆರಂಭದಲ್ಲಿ ಅನು ಹುಟ್ಟಿದಳು. ಅವಳ ತೊಟ್ಟಿಲನ್ನು ನಾನು ಪೈಪಿರುವ ಗೋಡೆಯಿಂದ ಎದುರು ಗೋಡೆಗೆ ಸರಿಸುತ್ತಿದ್ದೆ, ಅಲ್ಲಿ ತಣ್ಣಗೆಂದು ದೀಪಾ ಮತ್ತೆ ಇತ್ತ ಸರಿಸುತ್ತಿದ್ದಳು. ಬ್ರ್ಯಾಂಪ್ಟನ್ನಿನಲ್ಲಿ ಅಪಾರ್ಟ್‌ಮೆಂಟು ಹುಡುಕತೊಡಗಿದೆ. ವಾರಿಜಕ್ಕನಿಗೆ ಹೇಳುವ ಧೈರ್ಯ ಬರಲಿಲ್ಲ. ಅವರು ಅನುವಿನ ಹಣೆಗೆ ಬೆರಳ ಹಿಂಬದಿ ತಾಗಿಸಿ “ಬೆಚ್ಚಗೆ ಉಂಟು ನನ್ನ ಚಿನ್ನ” ಎನ್ನುವಾಗ, ನನ್ನ ಕಿವಿ ಗೋಡೆಯಲ್ಲಿರುತ್ತಿತ್ತು.

ಆ ವರ್ಷ ದೀಪಾವಳಿಯ ಮುನ್ನಾದಿನ, ನೀರು ತುಂಬುವ ಹಬ್ಬಕ್ಕೆ, ಅವರು ತೋಡಿನ ಬದಿಯಿಂದ ಮುಳ್ಳುಕಾಯಿ ಬಿಡುವ ಒಂದು ಕಾಡುಬಳ್ಳಿ ತಂದರು. ಊರಿನಲ್ಲಿ ಹಂಡೆ ತೊಳೆದು, ನೀರು ತುಂಬಿ, ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತುತ್ತಾರಲ್ಲ, ಹಾಗೆ. “ನಮ್ಮ ಹಿಂಡ್ಲೆಯ ದಾಯಾದಿ ಇದು, ಮುಖ ನೋಡಿದರೇ ಗೊತ್ತಾಗುದಿಲ್ವಾ?” ಕೆಳಗೆ ಬೆಂಕಿಯ ಗೂಡಿಗೆ ಕಟ್ಟಿದರೆ ಸುಟ್ಟುಹೋಗುತ್ತದೆಂದು ಮೇಲೆ, ಸೂರಿನಡಿಯ ಪೈಪಿಗೆ ಸುತ್ತಿದರು. ಜೊತೆಗೊಂದು ಚೆಂಡುಹೂವಿನ ಮಾಲೆ. ತೊಟ್ಟಿಗೆ ಒಂದು ತಂಬಿಗೆ ನೀರು ಸುರಿದು ಕೈಮುಗಿದರು. ನಾವೂ ಮುಗಿದೆವು. ಫೋಟೋ ಕೂಡ ತೆಗೆದೆ. ಚೆನ್ನಾಗಿ ಕಾಣುತ್ತಿತ್ತು.

ಡಿಸೆಂಬರಿನ ಕಡುಚಳಿ ಬಂತು. ಒಂದು ಬೆಳಿಗ್ಗೆ ಗೋಡೆಯಲ್ಲಿ ಟಕ್ ಟಕ್ ಎಂದು ಕೇಳಿಸಿತು.

“ಅಕ್ಕಾ, ಏನೋ ಸದ್ದು ಬರ್ತಿದೆ.”

“ನಿಮ್ಮ ಕಿವಿಗೆ ಯಾವಾಗ ಬರುದಿಲ್ಲ ಮಾಷ್ಟ್ರೇ?” ಅವರು ದೋಸೆ ಮಗುಚುತ್ತಿದ್ದರು. ನಗುತ್ತಲೇ ಬಂದು ಪೈಪಿಗೆ ಬೆರಳ ಹಿಂಬದಿ ತಾಗಿಸಿದರು. ಕೈ ಹಿಂದಕ್ಕೆ ಚಿಮ್ಮಿತು. ಅಡುಗೆಮನೆಯ ಕಿಟಕಿಯಿಂದ ಸೂರಿನತ್ತ ನೋಡಿದರು. ಅಲ್ಲಿ ಬಳ್ಳಿಯಿರಲಿಲ್ಲ, ಮಾಲೆಯಿರಲಿಲ್ಲ, ಪೈಪಿನ ತುದಿಯೂ ಇರಲಿಲ್ಲ. ದಿನವೂ ಬಿಟ್ಟ ಆವಿ ಬಳ್ಳಿಯ ಎಳೆಎಳೆಗೂ ಹೆಪ್ಪುಗಟ್ಟಿ ತಲೆಗಾತ್ರದ ಬಿಳಿ ಗಡ್ಡೆಯಾಗಿ ನೇತಾಡುತ್ತಿತ್ತು.

“ಮಗುವನ್ನು ತಗೊಂಡು ಕಾರಿಗೆ ಹೋಗಿ,” ಎಂದರು. ದನಿ ಏರಿಸಲಿಲ್ಲ. “ಕಾರು ರಸ್ತೆಗೆ ತಗೊಳ್ಳಿ. ಹೋಗಿ!”

ದೀಪಾ ಅನುವನ್ನು ಎತ್ತಿಕೊಂಡು ಓಡಿದಳು, ನಾನು ಕಾರನ್ನು ರಸ್ತೆಯಲ್ಲಿ ಹಿತ್ತಲು ಕಾಣುವಲ್ಲಿಗೆ ಒಯ್ದೆ. ಅಲ್ಲಿಂದ ಕಂಡದ್ದಿಷ್ಟು. ವಾರಿಜಕ್ಕ ಚಪ್ಪಲಿಯಲ್ಲೇ ಇಳಿಜಾರು ಇಳಿದು ಗೂಡಿಗೆ ಗಾಳಿ ಹೋಗುವ ಬಾಗಿಲು ಮುಚ್ಚಿದರು. ಮೇಲೆ ಬಂದು, ಚಾವಣಿಯ ಹಿಮ ಎಳೆಯುವ ಉದ್ದ ಕೋಲು ಹಿಡಿದು, ಪಕ್ಕಕ್ಕೆ ನಿಂತು ಗಡ್ಡೆಗೆ ಹೊಡೆದರು. ಮತ್ತೆ ಹೊಡೆದರು. ಬುಸ್ಸೆಂದು ಆವಿ ನುಗ್ಗಿ ಅವರು ಕಾಣದಾದರು. ನನ್ನ ನೆನಪಿನಲ್ಲಿ ಆ ಆವಿ ಮನೆಯನ್ನೇ ನುಂಗುವಷ್ಟಿತ್ತು. ಕುಕ್ಕರ್ ಕೂಗಿದಷ್ಟೇ ಇತ್ತು ಎನ್ನುತ್ತಾಳೆ ದೀಪಾ. ಬಿಳಿ ಕರಗಿದಾಗ ಅವರು ಕೋಲು ಹಿಡಿದು ನಿಂತೇ ಇದ್ದರು, ತಲೆಯ ಮೇಲೆ ಒಂದು ಚೆಂಡುಹೂವು.

ಯಾರೂ ನಗಲಿಲ್ಲ. ಗೂಡಿನ ಬೆಂಕಿಯನ್ನು ಅವರು ಆರಲು ಬಿಟ್ಟರು. ಹೆಪ್ಪುಗಟ್ಟದ ದ್ರಾವಣ ಬೆರೆಸಿದ್ದ ನೀರು ಪೈಪುಗಳಲ್ಲಿ ಸುಮ್ಮನೆ ನಿಂತಿತು. ಹಳೆಯ ಕರೆಂಟಿನ ಹೀಟರುಗಳು ಬಂದವು.

“ಅಲಂಕಾರ ಮಾಡ್ಲಿಕ್ಕೆ ಹೋಗಿ ನಾನೇ ಅದರ ಬಾಯಿ ಕಟ್ಟಿದೆ ಅಲ್ವಾ?” ಎಂದರು ಒಮ್ಮೆ. “ಮನೆ ಹುಡುಕ್ತಾ ಇದ್ದೀರಂತೆ, ಹುಡುಕಿ,” ಎಂದರು ಆಮೇಲೆ. ಅವರಿಗೆ ಮೊದಲೇ ಗೊತ್ತಿತ್ತು.

ಮನೆ ಸಿಗುವ ಮೊದಲೇ ಐಸ್ ಸ್ಟಾರ್ಮ್ ಬಂತು. ತಂತಿಗಳು ಗಾಜಿನ ಕೊಳವೆಗಳಾದವು, ರಸ್ತೆಗೆ ಮರ ಬಿತ್ತು, ಬೆಳಿಗ್ಗೆಯೇ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮಾತಾಡಿದರೆ ಒಳಗೇ ಉಸಿರು ಕಾಣುತ್ತಿತ್ತು. ಅನುವಿನ ಮೂಗು ಕೆಂಪಾಗಿ, ಅಳು ಸಣ್ಣದಾಗುತ್ತ ಬಂತು. ವಾರಿಜಕ್ಕ ಅವಳ ಕೆನ್ನೆಗೆ ಬೆರಳ ಹಿಂಬದಿ ತಾಗಿಸಿ, ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ವಾಮನಣ್ಣನ ಆ ಚಳಿಗಾಲ ನೆನಪಾಗಿ, ಆ ಕೀಲಿಯನ್ನು ನೋಡಲು ನನ್ನಿಂದಾಗಲಿಲ್ಲ.

“ಅಕ್ಕಾ, ಹಂಡೆ ಹಚ್ಚಿ,” ಎಂದೆ.

“ನೀವು ಹೇಳುದಾ?”

“ನಾನೇ.”

“ಹೆದರಿಕೆ ಇಲ್ವಾ?”

“ಇದೆ.”

“ನನಗೂ ಉಂಟು,” ಎಂದು ಅವರು ಕೋಟು ಹಾಕಿಕೊಂಡರು. “ಹಾಗಾದರೆ ಸರಿ. ಇಬ್ಬರಿದ್ದೇವೆ. ನೀವು ಬಾಯಿ ನೋಡಿ, ನಾನು ಹೊಟ್ಟೆ ನೋಡ್ತೇನೆ.”

ಹಿಂಬಾಗಿಲ ಹೊರಗೆ ಆ ಉದ್ದ ಕೋಲು ಹಿಡಿದು ನಿಂತೆ. ಕೆಳಗೆ ಗೂಡಿನ ಬಳಿ ಅವರು. “ಉಸಿರು ಉಂಟಾ?” ಎಂದು ಅಲ್ಲಿಂದ ಕೂಗುತ್ತಿದ್ದರು. “ಇನ್ನೂ ಇಲ್ಲ ಅಕ್ಕಾ!” ಎಂದು ನಾನು. ಬಹಳ ಹೊತ್ತಿನ ಮೇಲೆ ಪೈಪಿನ ತುದಿಯಲ್ಲಿ ಒಂದೆಳೆ ಆವಿ ಎದ್ದಿತು. “ಉಂಟು!” ಎಂದು ಕೂಗಿದೆ, ಮೈಸೂರಿನವನ ಬಾಯಲ್ಲಿ ಅವರ ಮಾತು. ಒಳಗೆ, ಯಾರೂ ದೂಡದೆ, ನೀರು ಇಳಿಜಾರು ಹತ್ತಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅನು ಜೋರಾಗಿ ಅಳತೊಡಗಿದಳು. ಅಷ್ಟು ಒಳ್ಳೆಯ ಅಳುವನ್ನು ನಾನು ಕೇಳಿಲ್ಲ.

ಆ ವಸಂತದಲ್ಲಿ ನಾವು ಬ್ರ್ಯಾಂಪ್ಟನ್ನಿಗೆ ಹೋದೆವು. ಹಂಡೆ ನಮ್ಮನ್ನು ಕಾಪಾಡಿತೋ, ಕೊಲ್ಲದೆ ಬಿಟ್ಟಿತೋ, ನಾನು ಇನ್ನೂ ತೀರ್ಮಾನಿಸಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು 2019ರ ಬೇಸಿಗೆಯಲ್ಲಿ. ಮನೆ ಮಾರಿ ಕ್ಯಾಲ್ಗರಿಯ ತಂಗಿಯ ಮನೆಗೆ ಹೊರಟಿದ್ದರು. ಕೊಂಡವರಿಗೆ ಹಂಡೆ ಬೇಡವಾಗಿತ್ತು. “ಬೇರೆಯವರ ಕೈಯಲ್ಲಿ ಒಡೆಸುದು ಬೇಡ,” ಎಂದು ತಾವೇ ಕತ್ತರಿಸುತ್ತಿದ್ದರು. ವೆಲ್ಡಿಂಗ್ ಮುಖವಾಡದೊಳಗೆ ಅವರು ಅಳುತ್ತಿದ್ದರು ಎನ್ನುತ್ತಾಳೆ ದೀಪಾ. ಮುಖವಾಡದೊಳಗಿನ ಮುಖ ಅವಳಿಗೆ ಹೇಗೆ ಕಂಡಿತೋ.

ಕ್ಯಾಲ್ಗರಿಯಿಂದ ಒಮ್ಮೆ ಫೋನು ಮಾಡಿದ್ದರು. “ಇಲ್ಲಿ ಗೋಡೆಯಲ್ಲಿ ಒಂದು ಬಟನ್ ಉಂಟು. ಒತ್ತಿದರೆ ಬಿಸಿ. ಮುಟ್ಟಿ ನೋಡ್ಲಿಕ್ಕೆ ಎಂತದೂ ಇಲ್ಲ ಮಾಷ್ಟ್ರೇ.” ಅದೇ ವರ್ಷ ನವೆಂಬರಿನಲ್ಲಿ ಅವರ ತಂಗಿ ಫೋನು ಮಾಡಿದರು. ನಿದ್ದೆಯಲ್ಲೇ ಹೋದರಂತೆ.

ನಮ್ಮ ಕಿಟಕಿಯಿಂದ ಸಾಲುಸಾಲು ಹೊಸ ಮನೆಗಳ ಚಾವಣಿ ಕಾಣುತ್ತದೆ. ಚಳಿಯ ಬೆಳಗುಗಳಲ್ಲಿ ಪ್ರತಿ ಮನೆಯ ಹೀಟರಿನ ಪೈಪಿನಿಂದಲೂ ಒಂದೆಳೆ ಬಿಳಿ ಆವಿ ಏಳುತ್ತದೆ. ಕಾಫಿ ಹಿಡಿದು ನಿಂತು ಒಂದೊಂದನ್ನೇ ನೋಡುತ್ತೇನೆ. ಯಾವುದಾದರೂ ಮನೆಯಲ್ಲಿ ಕಾಣದಿದ್ದರೆ, ಅಲ್ಲಿರುವವರು ಯಾರೆಂದೂ ತಿಳಿಯದ ನನಗೆ, ಅದು ಏಳುವವರೆಗೆ ಕಿಟಕಿ ಬಿಟ್ಟು ಬರಲಾಗುವುದಿಲ್ಲ.