ಬೆನ್ನಿಗೆ ಬೀಳದ ಕೈ

ಹರಿಹರ–ದಾವಣಗೆರೆ ಬಸ್ಸಿನಲ್ಲಿ ಕಂಡಕ್ಟರ್ ಸುನೀತಾಳ ಬಾಯಿಗೆ ಹೆದರದವರಿಲ್ಲ. ಫುಟ್‌ಬೋರ್ಡಿನಲ್ಲಿ ಜೋತಾಡುವ ಕಾಲೇಜು ಹುಡುಗರಿಗೆ, "ಒಳಗ ಬರ್ರಿ ಸಾಹೇಬ್ರ, ನಿಮ್ಮವ್ವ ನಿಮ್ಮನ್ನ ಹೆತ್ತಿದ್ದು ಬಾಗಿಲಿಗೆ ನೇತಾಕಾಕಲ್ಲ" ಅಂತಾಳೆ. ಅವರು ನಗುತ್ತ ಒಳಗೆ ಬರುತ್ತಾರೆ. ಇಂಥ ಗಟ್ಟಿಗಿತ್ತಿ ತನ್ನ ನಲವತ್ತೈದು ವರ್ಷದಲ್ಲಿ ಎರಡು ಸಲ ಹೇಡಿಯಾದಳು. ಎರಡು ಸಲವೂ ಖೋ ಖೋ ಅಂಕಣದಲ್ಲೇ.

ಬಸ್ಸಿನ ಕೆಲಸಕ್ಕೆ ಮುಂಚೆ, ದಿನಾ ಬೆಳಗ್ಗೆ ಆರಕ್ಕೆ, ಹರಿಹರದ ಒಂದು ಶಾಲಾ ಮೈದಾನದಲ್ಲಿ ಅವಳು ಹುಡುಗಿಯರಿಗೆ ಖೋ ಖೋ ಕಲಿಸುತ್ತಾಳೆ. ಯಾರೂ ಕೇಳಲಿಲ್ಲ, ಯಾರೂ ದುಡ್ಡು ಕೊಡುವುದೂ ಇಲ್ಲ, ಹದಿಮೂರು ವರ್ಷದಿಂದ ನಡೆದಿದೆ. ಬಸ್ಸಿನಲ್ಲಿ ಊದುವ ಸೀಟಿಯನ್ನೇ ಮೈದಾನದಲ್ಲೂ ಊದುತ್ತಾಳೆ. ಹನ್ನೆರಡು ಹುಡುಗಿಯರಲ್ಲಿ ಎಲ್ಲರಿಗಿಂತ ಜೋರಾದವಳು ಪಕ್ಕದ ಕೊಂಡಜ್ಜಿ ಊರಿನ ರಶ್ಮಿ. ಹತ್ತೊಂಬತ್ತು ವರ್ಷ, ಎರಡನೇ ವರ್ಷದ ಬಿ.ಕಾಂ. ಕಂಬ ತಿರುಗಿ ಅವಳು ಮೈಚೆಲ್ಲಿ ನೆಗೆದರೆ ಎದುರಿನವಳು ಔಟಾದಂತೆಯೇ. ಜಿಲ್ಲಾ ತಂಡದ ಜೆರ್ಸಿ ಹಾಕಬೇಕೆಂಬುದು ಅವಳಿಗೆ ಮೂರು ವರ್ಷದ ಹುಚ್ಚು. ಈ ಸಲ ಸಿಕ್ಕೇ ಸಿಗುತ್ತದೆ ಎಂದು ಸುನೀತಾ ಕೂಡ ನಂಬಿದ್ದಳು.

ಖೋ ಖೋ ಗೊತ್ತಲ್ಲ. ಎಂಟು ಜನ ಸಾಲಾಗಿ, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ, ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರಿನವರನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಕೂತವಳ ಬೆನ್ನಿಗೆ ಅಂಗೈ ತಾಕಿಸಿ "ಖೋ" ಅಂದಮೇಲಷ್ಟೇ ಕೂತವಳು ಏಳಬೇಕು. ಕೈ ಬೀಳುವ ಮೊದಲೇ ಎದ್ದರೆ ಫೌಲ್. ಇಡೀ ಆಟದ ಜೀವ ಆ ಅಂಗೈಯಲ್ಲಿದೆ.

ಚಿತ್ರದುರ್ಗದಲ್ಲಿ ಆಡಿ ವಾಪಸ್ಸು ಬರುವಾಗ ರಶ್ಮಿ ಬಸ್ಸಿನಲ್ಲಿ ತಂಡದ ನಾಯಕಿ ಯಶೋದಾಳ ಹತ್ತಿರ ಮನಸ್ಸು ಬಿಚ್ಚಿದಳು. ಹುಡುಗರ ಮೇಲೆ ನನಗೆ ಆಸೆಯೇ ಹುಟ್ಟುವುದಿಲ್ಲ, ದಾವಣಗೆರೆ ತಂಡದ ಹುಡುಗಿಯೊಬ್ಬಳನ್ನು ಇಷ್ಟಪಡುತ್ತೇನೆ, ನಿನಗೊಬ್ಬಳಿಗೇ ಹೇಳ್ತಿದೀನಿ ಅಂದಳು. ಯಶೋದಾ ಅದನ್ನು ಒಬ್ಬಳಿಗೇ ಹೇಳಿದಳು, ತಾಯಿಗೆ. ನಾಲ್ಕು ದಿನದಲ್ಲಿ ಹನ್ನೆರಡು ಮನೆಗೂ ಗೊತ್ತಾಯಿತು.

ಯಶೋದಾಳ ತಾಯಿ ಅನ್ನಪೂರ್ಣಮ್ಮ ನೇರ ಬಸ್‌ಸ್ಟ್ಯಾಂಡಿಗೇ ಬಂದಳು. "ಸುನೀತಕ್ಕ, ಆ ಹುಡುಗೀನ ಬಿಡಿಸ್ರಿ. ನಮ್ಮ ಯಶೋದಾನ ಬೆನ್ನು ಮುಟ್ತಾಳೆ ಅವಳು."

"ಖೋ ಖೋದಾಗ ಬೆನ್ನು ಮುಟ್ಟದೆ ತಲಿ ಮುಟ್ತಾರೇನ್ರಿ?"

"ನಗಬ್ಯಾಡ್ರಿ. ನಾಳೆ ಮದ್ವೆ ಆಗೋ ಹುಡುಗಿ ನಮ್ಮದು. ಮುಟ್ಟೋದ್ರಾಗ ಎಷ್ಟು ಥರ ಐತೆ ಅಂತ ನಿಮಗೇನು ಗೊತ್ತಿಲ್ಲೇನು?"

ಇಂಥ ಮಾತಿಗೆ ಸುನೀತಾ ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡುವ ಹಾಗೆ ಬೈಯಬೇಕಿತ್ತು. ಬೈಯಲಿಲ್ಲ. "ನೋಡಾಣ ತಗೋರಿ" ಅಂದುಬಿಟ್ಟಳು. ಥೂ, ಎಂಥ ಮಾತದು! ಬಸ್ಸು ಹೊರಟ ಮೇಲೂ ಅವಳ ಬಾಯಿ ಕಹಿಯಾಗಿಯೇ ಇತ್ತು.

ಭಾನುವಾರ ದಾವಣಗೆರೆಯಲ್ಲಿ ಸೆಮಿಫೈನಲ್. ರಶ್ಮಿ ಓಡಿದಳು, ತಿರುಗಿದಳು, ಯಶೋದಾಳ ಬೆನ್ನಿಗೆ ಕೈ ಚಾಚಿದಳು. ಕೈ ತಾಕುವ ಮೊದಲೇ ಯಶೋದಾ ಎದ್ದಳು. ಸೀಟಿ, ಫೌಲ್. ಸಿಕ್ಕಿಬೀಳಬೇಕಾದ ಎದುರಿನ ಹುಡುಗಿ ಆಚೆ ಪಾರಾದಳು. ಆಮೇಲೆ ಇನ್ನೊಬ್ಬಳು ಹಾಗೇ ಎದ್ದಳು, ಮತ್ತೆ ಯಶೋದಾ. ಬಿಡುವಿನಲ್ಲಿ ಅಂಪೈರ್ ರುದ್ರಮುನಿ ಬಂದು, "ಮೇಡಂ, ನಿಮ್ಮ ಆ ಹುಡುಗಿ ಕೈ ಸರಿಯಾಗಿ ತಾಕಿಸ್ತಿಲ್ಲ, ಹೇಳ್ರಿ" ಅಂದ. ಸುನೀತಾ ಎಲ್ಲ ಕಣ್ಣಾರೆ ಕಂಡಿದ್ದಳು. ಕೈಯದೇನೂ ತಪ್ಪಿರಲಿಲ್ಲ, ಬೆನ್ನುಗಳೇ ತಪ್ಪಿಸಿಕೊಳ್ಳುತ್ತಿದ್ದವು. ಆದರೂ ಅವಳು ಹೋದದ್ದು ರಶ್ಮಿಯ ಹತ್ತಿರಕ್ಕೇ.

"ಕಾಲು ಉಳುಕೈತೆ ಅಂತ ಹೇಳಿ ಹೊರಗ ಕೂಡು," ಅಂದಳು, ಮುಖ ನೋಡದೆ.

ರಶ್ಮಿ ತನ್ನ ಎರಡೂ ಕಾಲು ನೋಡಿಕೊಂಡಳು. "ಯಾವ ಕಾಲು, ಅಕ್ಕ?"

ತಂಡ ಮೂರು ಅಂಕದಿಂದ ಗೆದ್ದಿತು. ಫೋಟೋ ತೆಗೆಸಿಕೊಂಡರು, ಕಬ್ಬಿನಹಾಲು ಕುಡಿದರು. ವಾಪಸ್ಸು ಬಸ್ ಹತ್ತುವಾಗ ರಶ್ಮಿ ಎಡಗಾಲಲ್ಲಿ ಕುಂಟಿದಳು. ಹೇಳಿಕೊಟ್ಟ ಸುಳ್ಳನ್ನು ಪಾಪ ಮನೆತನಕ ನಡೆಸಿಕೊಂಡು ಹೋದಳು.

ಸೋಮವಾರ ಬೆಳಗಿನ ಟ್ರಿಪ್ಪಿನಲ್ಲಿ ಎಂದಿನಂತೆ ಕೊಟ್ರವ್ವ ಹತ್ತಿದಳು. ದಾವಣಗೆರೆ ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಬೇಳೆ ಹಸನು ಮಾಡುವ ಕೆಲಸ ಅವಳದು. ಒಂದು ಕಾಲಕ್ಕೆ ಇವರಿಬ್ಬರೂ ಒಂದೇ ತಂಡದಲ್ಲಿ ಆಡಿದವರು. ಈಗ ದಿನಾ ಅವಳು ಆಧಾರ್ ಕಾರ್ಡು ತೋರಿಸುವುದು, ಇವಳು ಹೆಂಗಸರ ಉಚಿತ ಪ್ರಯಾಣದ ಸೊನ್ನೆ ಟಿಕೆಟ್ ಹರಿದು ಕೊಡುವುದು, ಅಷ್ಟೇ ಮಾತುಕತೆ. ಅವತ್ತು ಕೊಟ್ರವ್ವ ಟಿಕೆಟ್ ಹಿಡಿದುಕೊಂಡೇ ಕೇಳಿದಳು.

"ಗೆದ್ರಂತಲ್ಲ."

"ಹ್ಞೂಂ ಕಣೆ."

"ಆ ಕೊಂಡಜ್ಜಿ ಹುಡುಗೀನ ಹೊರಗ ಕುಂದ್ರಿಸಿದ್ಯಂತೆ."

ಸುನೀತಾ ಚೀಲದಲ್ಲಿನ ಚಿಲ್ಲರೆ ಎಣಿಸತೊಡಗಿದಳು.

"ಇಪ್ಪತ್ತೇಳು ವರ್ಷ ಆತು," ಅಂದಳು ಕೊಟ್ರವ್ವ, ಕಿಟಕಿಯಾಚೆ ನೋಡುತ್ತ. "ಕೊಂಡಜ್ಜಿ ಮೈದಾನದಾಗ ನಾ ನಿನಗೆ ಖೋ ಕೊಡಾಕೆ ಕೈ ಚಾಚಿದ್ದೆ. ಅಲ್ಲಿ ಬೆನ್ನೇ ಇರಲಿಲ್ಲ ನೋಡು. ನೀ ಎದ್ದು ಹೋಗಿದ್ದಿ."

ಅದು ಮೊದಲನೆಯ ಹೇಡಿತನ. ಆಗ ಕೊಟ್ರವ್ವನ ಮೇಲೂ ಇದೇ ಮಾತು ಹಬ್ಬಿತ್ತು, ಸುನೀತಾ ಹೀಗೇ ಕೈ ಬೀಳುವ ಮೊದಲು ಎದ್ದಿದ್ದಳು. ಕೋಚ್ ಕೊಟ್ರವ್ವನನ್ನೇ ತೆಗೆದರು. ಅವಳು ಮತ್ತೆಂದೂ ಅಂಕಣ ತುಳಿಯಲಿಲ್ಲ. ಆಡಿದ್ದರೆ ಎಲ್ಲಿರುತ್ತಿದ್ದಳೋ ಯಾರಿಗೆ ಗೊತ್ತು.

ರಶ್ಮಿ ಫೋನ್ ಎತ್ತಲಿಲ್ಲ, ಪ್ರಾಕ್ಟೀಸಿಗೂ ಬರಲಿಲ್ಲ. ಜಿಲ್ಲಾ ತಂಡ ಆರಿಸುವವರು ಫೈನಲ್ ನೋಡಲು ಬರುವುದು ಮುಂದಿನ ಭಾನುವಾರ. ಬುಧವಾರ ಸುನೀತಾ ಡ್ಯೂಟಿ ಮುಗಿಸಿ, ಖಾಕಿಯಲ್ಲೇ ಕೊಂಡಜ್ಜಿಗೆ ಹೋದಳು.

"ಕಾಲು ಉಳುಕೈತಲ್ಲಕ್ಕ," ಅಂದಳು ರಶ್ಮಿ, ಬಾಗಿಲಲ್ಲೇ ನಿಂತು.

"ಆ ಸುಳ್ಳು ನಂದು. ನಂದೇ ತಪ್ಪಾತು, ನಿಂದಲ್ಲ. ಬೈಯೋದಿದ್ರೆ ಬೈದುಬಿಡು. ಆದ್ರ ನಾಳೆ ಬಾ."

ರಶ್ಮಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗುರುವಾರ ಬೆಳಗ್ಗೆ ಹನ್ನೆರಡೂ ಜನ ಬಂದಿದ್ದರು. ಸುನೀತಾ ಸುತ್ತಿ ಬಳಸಿ ಹೇಳಲಿಲ್ಲ. "ಭಾನುವಾರ ರಶ್ಮಿ ಆಡ್ತಾಳೆ. ಅವಳು ಯಾರನ್ನ ಇಷ್ಟಪಡ್ತಾಳೆ ಅನ್ನೋದು ಅವಳ ಮನಸಿಗೆ ಬಿಟ್ಟಿದ್ದು. ಅವಳ ಕೈಗೆ ಬೆನ್ನು ಕೊಡಾಕೆ ಆಗಲ್ಲ ಅನ್ನೋರು ಹೋಗ್ರಿ, ನಾ ಬೈಯಲ್ಲ. ಇರೋರು ಕೂಡ್ರಿ."

ನಾಲ್ವರು ಬ್ಯಾಗು ಎತ್ತಿಕೊಂಡು ಗೇಟಿನ ಕಡೆ ಹೋದರು. ಉಳಿದವರು ಹೋಗಲೂ ಇಲ್ಲ, ಕೂರಲೂ ಇಲ್ಲ. ಯಶೋದಾ ತಲೆ ತಗ್ಗಿಸಿ ಹೆಬ್ಬೆರಳಲ್ಲಿ ಮಣ್ಣು ಕೆದರುತ್ತ ನಿಂತಿದ್ದಳು.

ಸರಿ ಮತ್ತೆ, ಅಂದುಕೊಂಡಳು ಸುನೀತಾ. ಖಾಕಿ ಪ್ಯಾಂಟಿನ ಮಂಡಿ ಎತ್ತಿಕೊಂಡು ಅಂಕಣಕ್ಕೆ ಇಳಿದು, ನಡುಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತಳು. ಮಂಡಿ ಚುಳಕ್ಕೆಂದಿತು. "ರಶ್ಮೀ, ಓಡಿ ಬಂದು ಖೋ ಕೊಡು."

ಹಿಂದೆ ಓಡುವ ಹೆಜ್ಜೆಯ ಸದ್ದು ಕೇಳಿತು. ಸುನೀತಾಳಿಗೆ ಹೆದರಿಕೆ ಇದ್ದದ್ದು ತನ್ನ ಬೆನ್ನಿನದೇ, ಇಪ್ಪತ್ತೇಳು ವರ್ಷದ ಹಿಂದೆ ಎದ್ದುಹೋದದ್ದು ಇದೇ ಬೆನ್ನು. ಏಳಬಾರದು, ಏಳಬಾರದು ಎಂದು ಹಲ್ಲು ಕಚ್ಚಿದಳು. "ಖೋ" ಕೇಳಿಸಿತು. ಅವಳು ಏಳಲಿಲ್ಲ. ಆದರೆ ಬೆನ್ನಿಗೆ ಏನೂ ತಾಕಲಿಲ್ಲ.

ತಿರುಗಿ ನೋಡಿದಳು. ರಶ್ಮಿಯ ಅಂಗೈ ನಾಲ್ಕು ಬೆರಳು ದೂರದಲ್ಲೇ ನಿಂತಿತ್ತು. ಯಾರಿಗೂ ಅಂಜದೆ ಮೈಚೆಲ್ಲಿ ನೆಗೆಯುತ್ತಿದ್ದ ಹುಡುಗಿ ಇಷ್ಟೇ ದಿನದಲ್ಲಿ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದು ಕಲಿತಿದ್ದಳು. ಅದನ್ನು ಕಲಿಸಿದ ಕೋಚ್ ಯಾರು ಅಂತ ಸುನೀತಾಳಿಗೆ ಗೊತ್ತಿತ್ತು.

"ಫೌಲ್," ಅಂದಳು.

"ಏಳಕ್ಕ. ಬಸ್ಸಿಗೆ ಹೊತ್ತಾತು."

"ಕೈ ಬೀಳೋತನಕ ನಾ ಏಳಲ್ಲ. ತಿರುಗಿ ಬಾ."

ರಶ್ಮಿ ಕಂಬದವರೆಗೆ ಹೋಗಿ ಮತ್ತೆ ಓಡಿ ಬಂದಳು. ಮತ್ತೆ ಕೈ ಅಲ್ಲೇ ನಿಂತಿತು.

"ಫೌಲ್," ಅಂದಳು ಸುನೀತಾ, ಬೆನ್ನನ್ನು ಇನ್ನಷ್ಟು ಹಿಂದಕ್ಕೆ ಒಡ್ಡುತ್ತ. "ತಿರುಗಿ ಬಾರೇ ತಾಯಿ."