ನನ್ನ ಮಜ್ಜಿಗೆ, ಅವಳ ಪಾಠ

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಇಬ್ಬರೂ ಬಿ.ಎಸ್ಸಿ. ಓದಿದವರೇ, ಅಂಕ ನನ್ನದೇ ಹೆಚ್ಚು. ಆದರೆ ನಾನು ಸದಲಗಾದ ಈ ಮನೆಗೆ ಸೊಸೆಯಾಗಿ ಬಂದಾಗ ನಾಲ್ಕು ಎಮ್ಮೆ ನನಗಾಗಿ ಕಾಯುತ್ತಿದ್ದವು. ಮೈದುನನ ಕೈ ಹಿಡಿದು ಅವಳು ಬರುವ ಹೊತ್ತಿಗೆ ಮನೆಯವರ ಮನಸ್ಸು ದೊಡ್ಡದಾಗಿತ್ತು. ಅವಳು ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್.ಡಿ. ಮಾಡುತ್ತಿದ್ದಾಳೆ. ನಾನು ಸೆಗಣಿ ಬಾಚುತ್ತೇನೆ.

ಹೋದ ಬೇಸಿಗೆಯ ಒಂದು ರವಿವಾರ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ದಿನಾ ಅಲ್ಲಿ ಏನ ಮಾಡ್ತೀ ನೀ?" ಎಂದು ಕೇಳಿದರು. ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಅವಳು ಶುರು ಹಚ್ಚಿಕೊಂಡಳು. ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೂ ಕೊಲೆಸ್ಟ್ರಾಲ್ ಬೇಕಂತೆ, ಅದನ್ನು ತಾವೇ ತಯಾರಿಸಿಕೊಳ್ಳಬಲ್ಲವಂತೆ. ಲೈಪೊಪ್ರೋಟೀನುಗಳು ರಕ್ತದಲ್ಲಿ ಅದನ್ನು ಹೊತ್ತು ತಂದುಕೊಟ್ಟರೆ ಈ ಕಣಗಳು ತಮ್ಮ ತಯಾರಿಕೆ ಇಳಿಸುತ್ತವಂತೆ, ತರುವುದು ನಿಂತರೆ ಏರಿಸುತ್ತವಂತೆ. ಅತ್ತೆ ಪಿಳಿಪಿಳಿ ಕಣ್ಣು ಬಿಟ್ಟರು.

ಕಡಗೋಲು ನನ್ನ ಕೈಯಲ್ಲೇ ಇತ್ತು. "ಅತ್ತ್ಯಾರ, ನಾವು ಓಣ್ಯಾಗ ಮಜ್ಜಿಗಿ ಹಂಚತೀವಲ್ರಿ? ನಮ್ಮ ಮಜ್ಜಿಗಿ ಚರಗಿ ದಿನಾ ಹೋಗ್ತಿರೂತನಕ ಬಾಜೂ ಮನ್ಯಾಕಿ ಹೈನ ಇದ್ರೂ ಕಡಗೋಲ ಮುಟ್ಟೂದಿಲ್ಲ. ನಮ್ಮ ಎಮ್ಮಿ ಬತ್ತಿದ ದಿನ ತಾನ ಕಡ್ಯಾಕ ಕುಂದರತಾಳ. ಆ ಕಣಾನೂ ಹಂಗ," ಎಂದೆ.

ಅತ್ತೆ ನಕ್ಕುಬಿಟ್ಟರು. "ಅಕ್ಕಾ, ಎಷ್ಟ ಚೊಲೊ ಹೇಳಿದ್ರಿ!" ಎಂದಳು ನೆಗೆಣ್ಣಿ. ಆ ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ. ಎಮ್ಮೆಗಳಿಗೆ ಒಂದೊಂದು ಹಿಡಿ ಹಿಂಡಿ ಹೆಚ್ಚೇ ಹಾಕಿದೆ.

ತಿಂಗಳು ಕಳೆದ ಮೇಲೆ ಮೈದುನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ನಿಪ್ಪಾಣಿಯ ವಿಚಾರ ಸಂಕಿರಣದಲ್ಲಿ ನೆಗೆಣ್ಣಿ ಮೈಕಿನ ಮುಂದೆ ನಿಂತಿದ್ದಾಳೆ. "ನಮ್ಮ ಕಡೆ ಓಣಿಯಲ್ಲಿ ಮಜ್ಜಿಗೆ ಹಂಚುವ ಪದ್ಧತಿ ಇದೆ," ಎನ್ನುತ್ತಿದ್ದಾಳೆ. ಚರಗಿ, ಬಾಜೂ ಮನೆಯಾಕೆ, ಬತ್ತಿದ ಎಮ್ಮೆ, ಎಲ್ಲ ಬಂತು. ನಾನು ಮಾತ್ರ ಬರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಆ ಮಾತು ಯಾರದೆಂದು ಅತ್ತೆಯಾದರೂ ಹೇಳುತ್ತಾರೆಂದು ಅವರ ಮುಖ ನೋಡಿದೆ.

"ನಮ್ಮ ಸಣ್ಣಾಕಿ ಎಷ್ಟ ತಿಳಿಯೂವಂಗ ಹೇಳ್ಯಾಳ ನೋಡ," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೈಯೆಲ್ಲ ಉರಿದುಹೋಯಿತು.

ಮರುದಿನ ಕಡಗೋಲನ್ನು ಗೂಟಕ್ಕೆ ಸಿಕ್ಕಿಸಿ ಸುಮ್ಮನೆ ಕೂತೆ. ಊಟಕ್ಕೆ ಕೂತ ಅತ್ತೆ ಮಜ್ಜಿಗೆ ಕೇಳಿದರು. ಎದುರಿಗೇ ನೆಗೆಣ್ಣಿ ಉಣ್ಣುತ್ತಿದ್ದಳು.

"ಸಣ್ಣಾಕಿನ್ನ ಕೇಳ್ರಿ," ಎಂದೆ. "ಇಷ್ಟ ದಿನಾ ನಾ ಕಡದ ಕೊಟ್ಟೀನಂತ ಆಕಿ ಕಡದಿಲ್ಲ. ಇನ್ನ ತಾನ ಕಡೀಲಿ."

ನೆಗೆಣ್ಣಿಯ ಕೈಯಲ್ಲಿದ್ದ ತುತ್ತು ತಾಟಿಗೇ ಬಿತ್ತು. ಅವಳಿಗೆ ಅರ್ಥವಾಗಿತ್ತು. ಅತ್ತೆ ಮಾತ್ರ ಇನ್ನೂ ಮಜ್ಜಿಗೆಗೆ ಕಾಯುತ್ತಿದ್ದರು.