ಹುಲುಗಮ್ಮನ ಟವೆಲ್ಲು, ಗೌಸನ ಒಂದು ಕಿವಿ

ಮದುವೆ ವಿಡಿಯೊದಲ್ಲಿ ಮನುಷ್ಯರ ದನಿ ಇರುವುದಿಲ್ಲ. ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ ಇದು. ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಪೆನ್‌ಡ್ರೈವ್ ಬಿದ್ದಿರುತ್ತದೆ, ತೆಗೆದು ಹಾಕಿ ನೋಡಿ. ನಿಮ್ಮಜ್ಜಿ ಅಕ್ಷತೆ ಹಾಕುತ್ತ ಏನೋ ಹೇಳುತ್ತಿದ್ದಾಳೆ, ತುಟಿ ಆಡುತ್ತಿದೆ, ಕೇಳಿಸುತ್ತಿರುವುದು ಸಿನಿಮಾ ಹಾಡು. ಅಜ್ಜಿ ಈಗಿಲ್ಲ. ಆಕೆ ಹೇಳಿದ್ದನ್ನು ಸ್ಟುಡಿಯೊದವರು ಒಂದು ಗುಂಡಿ ಒತ್ತಿ ಅಳಿಸಿದರು. ನೀವು ನೋಡಿ 'ಚೆಂದ ಬಂದೈತಿ' ಎಂದಿರಿ.

ಬಳ್ಳಾರಿಯ ಬ್ರೂಸ್‌ಪೇಟೆಯ ಮಹಮ್ಮದ್ ಗೌಸ್ ಇಪ್ಪತ್ತೆರಡು ವರ್ಷಗಳಿಂದ ಆ ಗುಂಡಿ ಒತ್ತಿಸುತ್ತಲೇ ಬದುಕಿದವನು. ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವನ ಸ್ಟುಡಿಯೊ. ಹತ್ತಬೇಕಾದರೆ ಕಬ್ಬಿಣದ ಮೆಟ್ಟಿಲು, ಕೆಳಗಡೆ ಇಡೀ ದಿನ ಹಂಡೆ ಕೊಡ ಎತ್ತಿಹಾಕುವ ಸದ್ದು. ಅವನು ಹೊರಗೆ ಚಿತ್ರ ಹಿಡಿದು ತರುತ್ತಾನೆ, ಹೆಂಡತಿ ಶಬಾನಾ ಒಳಗೆ ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿ ಜೋಡಿಸುತ್ತಾಳೆ. ದನಿ ಅಳಿಸಿ ಹಾಡು ತುಂಬುವವಳೂ ಅವಳೇ.

ಗೌಸನಿಗೆ ಬಲಗಿವಿ ಕೇಳುವುದಿಲ್ಲ. ಆರು ವರ್ಷದವನಿದ್ದಾಗ ಕಿವಿ ಸೋರುತ್ತಿತ್ತು, ಯಾರೋ ತಿಳಿದವರು ಬಿಸಿ ಎಣ್ಣೆ ಬಿಡಲು ಹೇಳಿದರು, ಬಿಟ್ಟರು, ಕಿವಿ ಹೋಯಿತು. ಒಂದೇ ಕಿವಿಯಲ್ಲಿ ಬೆಳೆದವನಿಗೆ ಏನು ತಪ್ಪಿಹೋಗುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡು ಒಂದೇ ಹಾಡು ಕೇಳುತ್ತಿದ್ದರು.

"ಕೊಳಲು ಎಷ್ಟು ಚಲೋ ಐತಲ್ರೀ" ಅಂದಳು ಶಬಾನಾ.

"ಎಲ್ಲಿ ಕೊಳಲು? ಬರೇ ತಬಲಾ ಐತಿ. ನನ್ನ ಆಟ ಆಡಸ್ತೀಯೇನು?"

ಅವಳು ಅವನ ತಲೆಯ ಮೇಲಿದ್ದ ಹೆಡ್‌ಫೋನ್ ತೆಗೆದು ಎಡಬಲ ತಿರುಗಿಸಿ ಹಾಕಿದಳು. ಕೊಳಲು ಕೇಳಿಸಿತು, ತಬಲಾ ಹೋಯಿತು. ಇಪ್ಪತ್ತೈದು ವರ್ಷ ಅರ್ಧ ಹಾಡು ಕೇಳಿದ್ದೇನೆ ಎಂದು ಗೌಸನಿಗೆ ಅವತ್ತು ಗೊತ್ತಾಯಿತು. ಅಂದಿನಿಂದ ಏನು ಕೇಳಿದರೂ ಒಮ್ಮೆ ಹಾಗೆ, ಒಮ್ಮೆ ತಿರುಗಿಸಿ ಹಾಕಿಕೊಂಡು ಕೇಳುವುದು ಅವನ ಅಭ್ಯಾಸ. ಕಸುಬಿನಲ್ಲಿ ಒಂದು ಹಟವೂ ಬಂತು. ಸಂಗೀತವಾದರೆ ಸ್ಟೀರಿಯೊ ಇರಲಿ, ಎಡಕ್ಕೊಂದು ಬಲಕ್ಕೊಂದು ಹರಿಯಲಿ. ಮನುಷ್ಯರು ಮಾತಾಡುವ ಕಡೆ ಮೋನೊ. ಎಲ್ಲ ಮೈಕಿನ ದನಿಯೂ ಎರಡೂ ಕಡೆಗೆ ಸಮನಾಗಿ ಬೀಳಬೇಕು. ನೋಡುವವರ ಟಿವಿಯ ಒಂದು ಸ್ಪೀಕರ್ ಪೆಟ್ಟಿಗೆ ಕೆಟ್ಟಿರಲಿ, ಫೋನಿನ ಒಂದು ವಯರು ಹರಿದಿರಲಿ, ಮಾತು ತಪ್ಪಬಾರದು. ಹೊಸ ಹುಡುಗರು ನಗುತ್ತಿದ್ದರು. "ಗೌಸಣ್ಣ ಇನ್ನಾ ಕ್ಯಾಸೆಟ್ ಕಾಲದಾಗ ಅದಾನ." ಇವನೂ ನಗುತ್ತಿದ್ದ. ಆದರೆ ಆ ಹಟ ಬಿಟ್ಟಿರಲಿಲ್ಲ. ಒಂದೇ ಒಂದು ಸಲ ಬಿಟ್ಟ.

ಅದು ಆಷಾಢ. ಮದುವೆಗಳಿಲ್ಲದ ತಿಂಗಳು. ಕುರುಗೋಡು ತಾಲೂಕಿನ ಒಂದು ಹಳ್ಳಿಯ ಪಕ್ಕದಲ್ಲಿ ಕಬ್ಬಿಣದ ಅದಿರು ಸುಡುವ ಕಾರ್ಖಾನೆಯೊಂದು ಇತ್ತು, ಅದನ್ನು ಎರಡು ಪಟ್ಟು ದೊಡ್ಡದು ಮಾಡುವವರಿದ್ದರು. ಹಾಗೆ ಮಾಡುವ ಮೊದಲು ಊರಿನವರನ್ನು ಕೂರಿಸಿ ಕೇಳಬೇಕು, ಕೇಳಿದ್ದನ್ನು ವಿಡಿಯೊ ಮಾಡಬೇಕು ಎಂದು ಕಾನೂನು ಹೇಳುತ್ತದೆ. ಸಭೆಗೆ ಇಟ್ಟ ದಿನ ಎಂಥದ್ದು ಗೊತ್ತೇ? ಅರ್ಧ ಊರು ಭತ್ತದ ನಾಟಿಗೆಂದು ಸಿರುಗುಪ್ಪದ ಕಡೆ ಹೋಗಿದ್ದ ವಾರ. ಉಳಿದಿದ್ದವರು ಮುದುಕರು, ಬಾಣಂತಿಯರು, ಮತ್ತು ಹುಲುಗಮ್ಮನಂತಹ ಹಟಮಾರಿಗಳು.

ಕ್ಯಾಮೆರಾಕ್ಕೆ ಗೌಸನನ್ನು ಕರೆದಿದ್ದರು. ಸಭೆ ಕರೆದಿದ್ದ ಸರ್ಕಾರಿ ಕಚೇರಿಯ ಗುಮಾಸ್ತ ಉಮಾಪತಿ ಕೈಯಲ್ಲಿ ಕರಾರಿನ ಹಾಳೆ ಹಿಡಿದು ಪೆಂಡಾಲಿನಲ್ಲಿ ಓಡಾಡುತ್ತಿದ್ದ. ಎರಡು ಮೈಕು ಇದ್ದವು. ಒಂದು ವೇದಿಕೆಯ ಮೇಜಿನ ಮೇಲೆ ಅಧಿಕಾರಿಗಳಿಗೆ, ಒಂದು ಕೆಳಗೆ ಕಂಬಕ್ಕೆ ಕಟ್ಟಿದ್ದು, ಜನರಿಗೆ. ಎರಡರ ವಯರೂ ಕ್ಯಾಮೆರಾಕ್ಕೆ ಬರುತ್ತಿತ್ತು, ಮೇಜಿನದಕ್ಕೆ ಊರಿಗೆಲ್ಲ ಕೇಳುವ ಹಾರ್ನ್ ಕೂಡ ಜೋಡಿಸಿದ್ದರು. ಜನರದಕ್ಕೆ ಹಾರ್ನ್ ಇರಲಿಲ್ಲ, ಅದು ಕ್ಯಾಮೆರಾಕ್ಕೆ ಮಾತ್ರ ಕೇಳುತ್ತಿತ್ತು.

ಗೌಸ್ ಕ್ಯಾಮೆರಾದಲ್ಲಿ ಮೋನೊ ಇಡಲು ಹೋದ. ಉಮಾಪತಿ ಬಗ್ಗಿ ನೋಡಿದ.

"ಏನ್ ಮಾಡಾಕತ್ತೀಲೇ ಗೌಸ್? ಕರಾರಿನ್ಯಾಗ ಸ್ಟೀರಿಯೊ ಅಂತ ಬರದೈತಿ."

"ಮಾತಾಡೋರು ಒಬ್ಬೊಬ್ಬರ ರೀ ಸಾಹೇಬ್ರ, ಆರ್ಕೆಸ್ಟ್ರಾ ಅಲ್ಲ. ಸ್ಟೀರಿಯೊ ಇಟ್ರ ನಿಮ್ಮ ದನಿ ಎಡಕ್ಕ ಹೊಕ್ಕೈತಿ, ಜನರದು ಬಲಕ್ಕ. ಮೋನೊ ಮಾಡಿದ್ರ ಎಲ್ಲಾರದೂ ಎರಡೂ ಕಡಿ ಬರ್ತೈತಿ."

"ಹೊಸ ಕ್ಯಾಮೆರಾ ಇಟ್ಕೊಂಡು ರೇಡಿಯೊ ಮಾಡ್ತೀಯೇನು? ನಾಳೆ ಮ್ಯಾಲಿನವರು ಕೇಳಿದ್ರ ನಾನು ನಿನ್ನ ಕಿವಿ ತೋರಸ್ಲೇನು? ಬರದಂಗ ಮಾಡಪ."

ಗೌಸ್ ಸ್ಟೀರಿಯೊ ಇಟ್ಟ. ಅಷ್ಟೇ. ಯಾರೂ ಅವನ ಕುತ್ತಿಗೆ ಹಿಡಿಯಲಿಲ್ಲ. ಹಾಳೆಯ ಮೇಲೆ ಬರೆದದ್ದನ್ನು ಕಂಡು ತಲೆ ಬಗ್ಗಿಸುವ ರೂಢಿ ನಮಗೆಲ್ಲ ಇರುವಂತೆ ಅವನಿಗೂ ಇತ್ತು.

ಹನ್ನೊಂದು ಜನ ಮಾತಾಡಿದರು. ಕೊನೆಯವಳು ಹುಲುಗಮ್ಮ. ಅರವತ್ತು ದಾಟಿದವಳು, ಎರಡು ಎಕರೆ ಹತ್ತಿ ಹೊಲ, ಬಾಯಿ ಜೋರು. ಮಡಚಿದ ಒಂದು ಟವೆಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಕಂಬದ ಮೈಕಿನ ಮುಂದೆ ನಿಂತು ಅದನ್ನು ಬಿಡಿಸಿದಳು. ಬೂದಿ ಬಣ್ಣದ ಬಟ್ಟೆ. ಮಡಿಕೆಯ ಒಳಗೆ ಮಾತ್ರ ಒಂದು ಗೆರೆ ಬೆಳ್ಳಗಿತ್ತು.

"ಸಾಹೇಬ್ರ, ಇದು ನನ್ನ ಟವೆಲ್ಲು. ಸೋಮವಾರ ಒಗದು ತಂತಿ ಮ್ಯಾಲ ಹಾಕೀನಿ. ಇವತ್ತು ಗುರುವಾರ. ಯಾರೂ ಮುಟ್ಟಿಲ್ಲ, ಗಾಳಿ ಒಂದ ಮುಟ್ಟೈತಿ. ನನ್ನ ಹತ್ತಿ ನೋಡಿ ದಲಾಲಿ ನಗ್ತಾನ. ಹತ್ತಿ ತಂದೀಯೇನು, ಎಮ್ಮಿ ಬಾಲ ತಂದೀಯೇನಬೇ ಅಂತಾನ. ಈಗ ಇದನ್ನ ಎರಡು ಪಟ್ಟು ಮಾಡ್ತೀನಿ ಅಂತೀರಿ. ಆತು. ಒಂದ ಒಂದು ಮಾತು ಕೇಳ್ತೀನಿ. ಈ ಟವೆಲ್ಲಿಂದ ನಿಮ್ಮ ಮುಖ ಒರಸ್ಕೋರಿ. ನೀವು ಒರಸ್ಕೊಂಡ್ರ ನಾನೂ ಹೆಬ್ಬೆಟ್ಟು ಒತ್ತತೀನಿ."

ಮೈಕು ಬಿಟ್ಟು ಮೇಜಿನ ತನಕ ನಡೆದು ಹೋದಳು. ಎರಡೂ ಕೈಯಲ್ಲಿ ಟವೆಲ್ಲು ಚಾಚಿ ನಿಂತಳು. ನಡುವೆ ಕೂತಿದ್ದ ಅಧಿಕಾರಿ ಎದ್ದು ನಕ್ಕು ಕೈ ಮುಗಿದ. ಟವೆಲ್ಲು ಮೇಜಿನ ಮೇಲೆ ಉಳಿಯಿತು. ಜನ ಚಪ್ಪಾಳೆ ತಟ್ಟಿದರು, ಒಬ್ಬ ಮುದುಕ ಸೀಟಿ ಊದಿದ. ಚಿತ್ರ ನಿಲ್ಲಿಸಿದ ಮೇಲೆ ಗೌಸ್ ಅದನ್ನೇ ಮತ್ತೆ ಹಾಕಿ, ಹೆಡ್‌ಫೋನ್ ತಿರುಗಿಸಿ ಕೇಳಿದ. ಹುಲುಗಮ್ಮನ ಒಂದೊಂದು ಅಕ್ಷರವೂ ಬಲಗಡೆ ಸ್ಪಷ್ಟವಾಗಿ ಬಂದಿತ್ತು.

ಸಭೆಯಲ್ಲಿ ಏನೇನು ಹೇಳಿದರು ಎಂಬುದನ್ನು ಅಲ್ಲೇ ಬರೆದು ಅಲ್ಲೇ ಓದಿ ಹೇಳಬೇಕು ಎಂದೂ ಕಾನೂನಿದೆ. ಊಟದ ಹೊತ್ತಾಗಿತ್ತು. ಆಮೇಲೆ ಬರೆದು ಕಳಿಸುತ್ತೇವೆ ಎಂದು ಅಧಿಕಾರಿಗಳು ಜೀಪು ಹತ್ತಿದರು.

ಗೌಸ್ ವಿಡಿಯೊ ಕೊಟ್ಟುಬರಲು ಹೊರಟಾಗ ಶಬಾನಾ ಕೇಳಿದಳು. "ಜತಿಗೆ ಒಂದು ಮೋನೊ ಕಾಪಿನೂ ಮಾಡಿಕೊಡ್ಲೇನ್ರೀ? ಐದು ನಿಮಿಷದ ಕೆಲಸ."

"ಅವರು ಕೇಳಿಲ್ಲಲ್ಲ" ಅಂದ ಗೌಸ್.

ಶ್ರಾವಣ ಬಂತು. ಮದುವೆಗಳು ಬಂದವು. ಒಂದೂವರೆ ತಿಂಗಳ ಮೇಲೆ ಆ ಹಳ್ಳಿಯ ಪಂಚಾಯ್ತಿ ಗೋಡೆಗೆ ಸಭೆಯ ನಡಾವಳಿ ಅಂಟಿಸಿದರು. 'ಗ್ರಾಮಸ್ಥರಿಂದ ಯಾವುದೇ ಆಕ್ಷೇಪಣೆ ವ್ಯಕ್ತವಾಗಿರುವುದಿಲ್ಲ. ಗ್ರಾಮದ ಹಿರಿಯ ಮಹಿಳೆಯೋರ್ವರು ಅಧಿಕಾರಿಗಳಿಗೆ ವಸ್ತ್ರ ಅರ್ಪಿಸಿ ಗೌರವಿಸಿ ಯೋಜನೆಯನ್ನು ಸ್ವಾಗತಿಸಿದರು. ಸಭಿಕರು ಕರತಾಡನ ಮಾಡಿದರು.'

ನಾಟಿ ಮುಗಿಸಿ ಸಿರುಗುಪ್ಪದಿಂದ ಬಂದಿದ್ದವರು ಓದಿದರು. ಅವರು ಸಭೆ ನೋಡಿದವರಲ್ಲ, ಗೋಡೆ ನೋಡಿದವರು. ಚಾದ ಅಂಗಡಿ ಮುಂದೆ ಗಾದೆಪ್ಪ ಎಂಬವನು ಎಲ್ಲರಿಗೂ ಕೇಳುವಂತೆ ಕೂಗಿದ. "ಏನ್ ಹುಲುಗಮ್ಮ, ಸಾಹೇಬರಿಗೆ ಶಾಲು ಹೊಚ್ಚಿ ಬಂದೀಯಂತ? ನಮಗ ಒಂದು ಕರ್ಚೀಪರ ಇಲ್ಲೇನಬೇ?"

ಅವಳ ಪರವಾಗಿ ಹೇಳಬೇಕಿದ್ದ ಮುದುಕರು ಹೇಳಿದರು. ಯಾರು ಕೇಳುತ್ತಾರೆ? ಅಚ್ಚಾದ ಕಾಗದದ ಮುಂದೆ ಮುದುಕರ ಮಾತು ಎಷ್ಟರದ್ದು? ಹುಲುಗಮ್ಮ ಎಷ್ಟಕ್ಕೆ ಮಾರಿಕೊಂಡಳು ಎಂಬ ಲೆಕ್ಕವನ್ನು ಬಾವಿಕಟ್ಟೆಯಲ್ಲಿ ಹಾಕತೊಡಗಿದರು.

ಮರುದಿನ ಬೆಳಿಗ್ಗೆ ಅವಳು ಬಳ್ಳಾರಿ ಬಸ್ಸು ಹತ್ತಿ, ಬ್ರೂಸ್‌ಪೇಟೆಯಲ್ಲಿ 'ಕ್ಯಾಮೆರಾದ ಸಾಬ' ಯಾರು ಎಂದು ಅಂಗಡಿ ಅಂಗಡಿ ಕೇಳುತ್ತ ಕಬ್ಬಿಣದ ಮೆಟ್ಟಿಲು ಹತ್ತಿದಳು.

"ನನ್ನ ಮಾತು ತಗೊಂಡು ಬಂದೀಯಲ್ಲ ನಾಯನಾ, ವಾಪಸ್ ಕೊಡು. ಊರಾಗ ಕೇಳಸ್ತೀನಿ."

ಗೌಸ್ ಡ್ರಾಯರ್ ಎಳೆದ. ಕ್ಯಾಮೆರಾದಲ್ಲಿ ಎರಡು ಕಾರ್ಡ್ ಹಾಕಿ ಚಿತ್ರ ಹಿಡಿದಿದ್ದ. ಒಂದನ್ನು ಕಚೇರಿಗೆ ಕೊಟ್ಟಿದ್ದ, ಇನ್ನೊಂದು ಇಲ್ಲೇ ಇರಬೇಕಿತ್ತು. ಇತ್ತು. ಕಂಪ್ಯೂಟರಿಗೆ ಸಿಕ್ಕಿಸಿದ. ಸಿರುಗುಪ್ಪದ ಒಂದು ಮದುವೆ ಮೂಡಿತು. ಬಾಳೆಕಂಬ, ಬ್ಯಾಂಡು, ಗಂಡಿನ ಕಡೆಯವರ ಕುಣಿತ. ಹಳೆಯದನ್ನು ಅಳಿಸಿ ಅದರ ಮೇಲೆ ಹಿಡಿದಿದ್ದ.

ಶಬಾನಾ ಪರದೆ ನೋಡುತ್ತ ಮೆಲ್ಲಗೆ ಅಂದಳು. "ಆಯಮ್ಮನ ದನಿ ಅಳಸಿ ಈ ಮದಿವಿ ಹಿಡದ್ರಿ. ಈ ಮದಿವಿ ದನಿ ಅಳಸಿ ನಾನು ಸಿನಿಮಾ ಹಾಡು ಹಾಕೀನಿ."

ಹುಲುಗಮ್ಮನಿಗೆ ಕಾರ್ಡಿನ ವಿಷಯ ತಿಳಿಯಲಿಲ್ಲ, ಮುಖ ತಿಳಿಯಿತು. "ಇಲ್ಲಲ್ಲ?" ಅಂದಳು.

"ಕಚೇರ್ಯಾಗ ಐತಿ ಅಮ್ಮ. ಬಲಗಡಿ ಐತಿ. ನಾನು ಕೇಳೀನಿ. ನಡಿ, ತೋರಸ್ತೀನಿ."

ಕಚೇರಿಯಲ್ಲಿ ಉಮಾಪತಿಯ ಮೇಜಿನ ಮೇಲೆ ಕಂಪ್ಯೂಟರ್, ಅದರ ಎರಡು ಬದಿಗೆ ಎರಡು ಸ್ಪೀಕರ್ ಪೆಟ್ಟಿಗೆ. ಬಲಗಡೆಯದರ ವಯರನ್ನು ಇಲಿ ಕಡಿದು ಎರಡು ವರ್ಷವಾಗಿತ್ತು. ಅದರ ಮೇಲೆ ಎಲೆಅಡಿಕೆ ಡಬ್ಬಿ ಇಟ್ಟಿದ್ದರು. ನಡಾವಳಿ ಟೈಪು ಮಾಡಿದ್ದು ಎಡಗಡೆಯ ಪೆಟ್ಟಿಗೆ ಕೇಳಿಕೊಂಡು. ಅಧಿಕಾರಿಗಳ ಸ್ವಾಗತ ಭಾಷಣ, ಆಮೇಲೆ ಗಾಳಿಗೆ ಪೆಂಡಾಲು ಬಡಿದುಕೊಳ್ಳುವ ಸದ್ದು, ಬಾಯಿ ಆಡಿಸುವ ಹನ್ನೊಂದು ಜನ, ಬಟ್ಟೆ ಚಾಚಿದ ಹೆಂಗಸು, ಕೈಮುಗಿದ ಅಧಿಕಾರಿ, ದೂರದಿಂದ ಚಪ್ಪಾಳೆ.

ಹುಲುಗಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಗೌಸ್ ತನ್ನ ಹೆಡ್‌ಫೋನ್ ಸಿಕ್ಕಿಸಿ ಉಮಾಪತಿಯ ತಲೆಗೆ ಹಾಕಿದ. ಉಮಾಪತಿ ಕಣ್ಣು ಮುಚ್ಚಿಕೊಂಡು ಟವೆಲ್ಲಿನ ಮಾತು ಪೂರ್ತಿ ಕೇಳಿದ. ಎಮ್ಮೆ ಬಾಲ ಬಂದಾಗ ನಕ್ಕ ಕೂಡ. ಹೆಡ್‌ಫೋನ್ ತೆಗೆದು ಹೇಳಿದ.

"ಸೌಂಡು ಚೆಂದ ಬಂದೈತಿ ನೋಡು ಗೌಸ್. ಸ್ಟೀರಿಯೊ ಅಂದ್ರ ಸ್ಟೀರಿಯೊ."

"ಸಾಹೇಬ್ರ, ನಡಾವಳಿ ತಪ್ಪೈತಿ."

"ಸೈನ್ ಆಗಿ ಮ್ಯಾಲ ಹೋಗೈತಿ. ಈಗೇನು ಮಾಡಾಕಾಗಂಗಿಲ್ಲ."

"ಸಭಿಯಾಗ ನೀವೂ ಇದ್ರಲ್ರೀ. ಮುಂದಿನ ಕುರ್ಚ್ಯಾಗ ಕುಂತು ಕೇಳೀರಿ."

ಉಮಾಪತಿಗೆ ಸಿಟ್ಟು ಬರಲಿಲ್ಲ. ಸಣ್ಣ ಮಗುವಿಗೆ ಹೇಳಿಕೊಡುವವನಂತೆ ಹೇಳಿದ. "ನಾನು ಕೇಳಿದ್ದು ದಾಖಲೆ ಅಲ್ಲಪ. ವಿಡಿಯೊ ದಾಖಲೆ. ವಿಡಿಯೊದಾಗ ಏನು ಕೇಳಿಸ್ತೋ ಅದನ್ನ ಬರದೀವಿ. ನಮ್ಮ ಪೆಟ್ಟಿಗಿಗೆ ಕೇಳಿಸಿಲ್ಲ."

"ಹಂಗಾರ ಒಂದು ಕಾಪಿ ಕೊಡ್ರಿ."

"ಅರ್ಜಿ ಹಾಕು."

ಗೌಸ್ ಹೊರಗೆ ಬಂದ. ಹುಲುಗಮ್ಮ ಎದ್ದು ನಿಂತಳು.

"ಕೇಳಿದ್ರೇನು?"

"ಕೇಳಿದ್ರು."

"ಏನಂದ್ರು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಚೆಂದ ಬಂದೈತಿ ಅಂದ್ರು."

ಅವಳು ಬಾಗಿಲ ಕಡೆ ಕೈ ತೋರಿಸಿದಳು. "ನನ್ನ ಟವೆಲ್ಲರ ಕೊಡಂತ ಹೇಳು" ಅಂದಳು. ಗೌಸ್ ಮತ್ತೆ ಒಳಗೆ ಹೋಗಿ ಕೇಳಿದ. ಟವೆಲ್ಲು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಗೌಸ್ ಅರ್ಜಿ ಹಾಕಿದ. ಅರ್ಜಿದಾರರು ಸದರಿ ಗ್ರಾಮದ ನಿವಾಸಿಯಲ್ಲ ಎಂದು ಉತ್ತರ ಬಂತು. ಹುಲುಗಮ್ಮ ಹೆಬ್ಬೆಟ್ಟು ಒತ್ತಿ ಅರ್ಜಿ ಹಾಕಿದಳು. ಪರಿಶೀಲನೆಯಲ್ಲಿದೆ. ಪರಿಶೀಲಿಸುತ್ತಿರುವವನು ಉಮಾಪತಿ. ಊರಲ್ಲಿ ಅವಳನ್ನು ಈಗ ಶಾಲು ಹುಲುಗಮ್ಮ ಎನ್ನುತ್ತಾರೆ. ಕಾರ್ಖಾನೆಯ ಎರಡನೇ ಚಿಮಣಿಗೆ ಪಾಯ ತೋಡಿದ್ದಾರೆ. ಗೌಸನ ಮಾಳಿಗೆಯಲ್ಲಿ ಒಂದೇ ಒಂದು ಸಂಗತಿ ಬದಲಾಗಿದೆ. ಮಾತಾಡುವ ಮುದುಕರು ಬಂದ ಕಡೆ ಶಬಾನಾ ಹಾಡು ಹಾಕುವುದಿಲ್ಲ. ಗಿರಾಕಿಗಳು ಗೊಣಗುತ್ತಾರೆ, ಹಾಡಿಲ್ಲದಿದ್ದರೆ ಏನು ಚೆಂದ ಅಂತ.

ಆ ದನಿ ಸತ್ತಿಲ್ಲ. ಇಲಿ ಕಡಿದ ವಯರಿನ ಆಚೆ, ಒಂದು ಹಳೆಯ ಕಂಪ್ಯೂಟರಿನಲ್ಲಿ, ಬಲಗಡೆ ಇದೆ. ಆ ಕಂಪ್ಯೂಟರ್ ಗುಜರಿಗೆ ಹೋದ ದಿನ ಅದೂ ಹೋಗುತ್ತದೆ. ಒಂದು ಹೆಬ್ಬೆಟ್ಟಿನ ಅರ್ಜಿಗೆ ಕಚೇರಿ ಏಳುವುದಿಲ್ಲ, ಐನೂರು ಬಂದರೆ ಏಳಲೇಬೇಕು. ನಿಮಗೆ ಎರಡೂ ಕಿವಿ ನೆಟ್ಟಗಿವೆ, ಹೆಬ್ಬೆಟ್ಟು ಒತ್ತುವ ಗತಿ ಬಂದಿಲ್ಲ, ಸೈ ಹಾಕಲು ಬರುತ್ತದೆ. ನಿಮ್ಮೂರಿನಲ್ಲೂ ಇಂಥ ಸಭೆ ಆಗಿದೆ, ಅದರ ನಡಾವಳಿಯೂ ಯಾವುದೋ ಗೋಡೆಯ ಮೇಲಿದೆ. ನಾಳೆಯೇ ಹೋಗಿ. ನಡಾವಳಿ ಓದಿ, ಅಲ್ಲಿಗೇ ಬಿಡಬೇಡಿ. ವಿಡಿಯೊ ಬೇಕು ಎಂದು ಅರ್ಜಿ ಬರೆದು ಕೊಡಿ, ಕೊಡುವ ತನಕ ಬಾಗಿಲು ಬಿಡಬೇಡಿ. ಕೈಗೆ ಬಂದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಕೇಳಿ. ಆಮೇಲೆ ಒಂದು ಕಿವಿ ಮುಚ್ಚಿ, ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡು, ಇನ್ನೊಂದು ಸಲ ಕೇಳಿ.